ಚಕ್ರವಿಲ್ಲದ ಎರಡನೇ ಗಾಡಿ

ಊರೊಳಗಿನ ಗಾಡಿಗಳಿಗೆ ಚಕ್ರದ ಲೆಕ್ಕದಲ್ಲಿ ತೆರಿಗೆ ಬೀಳದಿದ್ದರೆ, ಮಳವಳ್ಳಿಯ ಪುರಿಭಟ್ಟಿ ಹುಚ್ಚೀರಯ್ಯನ ಮನೆ ಇಷ್ಟು ಹೊತ್ತಿಗೆ ತುಂಬುತ್ತಿತ್ತೋ ಏನೋ.

ಅವನಿಗಿದ್ದದ್ದು ಒಂದೇ ಎತ್ತಿನ ಗಾಡಿ. ಯುದ್ಧ ಬಂದು ಬಸ್ಸುಗಳಿಗೆ ಪೆಟ್ರೋಲು ಸಿಗದೆ ದೂರದ ಸರಕು ಬರುವುದು ನಿಂತ ಮೇಲೆ ಮದ್ದೂರಿನ ಅಂಗಡಿಯವರೂ ಅವನ ಪುರಿಯನ್ನೇ ಕೇಳತೊಡಗಿದರು. ಸಂತೆಯ ದಿನ ಅಕ್ಕನ ಮಗ ಚಲುವರಾಜು ಗಾಡಿ ಹೂಡಿಕೊಂಡು ಅಲ್ಲಿಗೆ ಹೊರಡುತ್ತಿದ್ದ. ಕಿರುಗಾವಲಿನ ಸಂತೆಯೂ ಅದೇ ದಿನ. ಹೀಗೆ ಹುಚ್ಚೀರಯ್ಯನಿಗೆ ತಾನು ವಾರವಾರ ಹೋಗುತ್ತಿದ್ದ ಕಿರುಗಾವಲಿನ ದಾರಿ ತಪ್ಪಿಹೋಯಿತು. ವ್ಯಾಪಾರ ಪುರಿಯಂತೆ ಅರಳಿತು, ಅವನು ಹೊಟ್ಟಿನಂತೆ ಹಗುರವಾದ.

ಹೆಂಡತಿ ಸತ್ತ ಮೇಲೆ ಒಬ್ಬನಿಗೆ ಬೇಕಾದಷ್ಟೇ ಹಿಟ್ಟು ತಿರುವುವುದನ್ನು ಅವನು ಕಲಿಯಲೇ ಇಲ್ಲ. ದಿನವೂ ಒಂದು ಮುದ್ದೆ ಮಿಗುತ್ತಿತ್ತು. ಕಿರುಗಾವಲಿನಲ್ಲಿ ಸಣ್ಣ ಹೋಟ್ಲು ಇಟ್ಟುಕೊಂಡಿದ್ದ ವಿಧವೆ ಬೆಳ್ಳಮ್ಮ, ಪುರಿ ಅಳೆಸಿಕೊಂಡ ಮೇಲೆ “ಉಂಡ್ರಾ ಗೌಡ್ರೇ?” ಎನ್ನುತ್ತಿದ್ದಳು. ಅವನನ್ನು ಹಾಗೆ ಕೇಳುವವರು ಬೇರೆ ಯಾರೂ ಇರಲಿಲ್ಲ. ಅವರ ಜನದಲ್ಲಿ ಗಂಡ ಸತ್ತವಳು ಕೂಡಿಕೆಯಾಗಿ ಇನ್ನೊಬ್ಬನ ಮನೆ ಸೇರುವುದುಂಟು. ಆ ಮಾತು ಕೇಳಿಬಿಡಬೇಕೆಂದು ಅವನ ಆಸೆ. ಕೈಬೀಸಿಕೊಂಡು ಹೋದರೆ ಊರು ನಗುತ್ತದೆ, ಪುರಿ ಹೇರಿಕೊಂಡು ಹೋದರೆ ವ್ಯಾಪಾರ. ಅದಕ್ಕೇ ಎರಡನೇ ಗಾಡಿ ಬೇಕಿತ್ತು.

ಒಂದು ಸಂತೆಯ ದಿನ ಬೆಳಿಗ್ಗೆ ಪಕ್ಕದ ಮನೆ ಮಾದಯ್ಯ ಕರೆಯದೆಯೇ ಬಂದು ಜಗಲಿಯಲ್ಲಿ ಕೂತ.

“ಇನ್ನೊಂದು ಗಾಡಿ ತಕ್ಕಂಡ್ರೆ ಎರಡು ಚಕ್ರಕ್ಕೂ ತೆರಿಗೆ ಕಣ್ಲಾ.”

“ಸೈಕಲ್ಲು?”

“ಅದುಕ್ಕೂ ಎರಡೇ ಚಕ್ರ. ಪುರಿ ಚೀಲ ಕಟ್ಕಂಡು ಗಾಳೀಲಿ ಓದ್ರೆ ನಿನ್ನ ಮರದ ಮ್ಯಾಲಿಂದ ಇಳುಸ್ಬೇಕಾಯ್ತದೆ.”

“ತಳ್ಳೋ ಗಾಡಿ?”

“ಕಿರುಗಾವಲ್ಗಂಟ ತಳ್ಳೀಯಾ? ಮುಖ ನೋಡ್ಕಂಡಿದ್ದೀಯಾ?” ಮಾದಯ್ಯ ಎಲೆಯಡಿಕೆ ಉಗಿದು ಬಂದು ದನಿ ತಗ್ಗಿಸಿದ. “ಚಕ್ರ ಇದ್ರೆ ತಾನೇ ತೆರಿಗೆ? ಒಂದು ಏರೆತ್ತು ತಕ್ಕೊ. ಬೆನ್ ಮ್ಯಾಲೆ ಚೀಲ ಏರು, ಒಂಟೋಗು.”

ಹುಚ್ಚೀರಯ್ಯ ಆಗಲೇ ಎದ್ದು ಕೆರೆ ಏರಿಗೆ ಹೋಗಿ, ಯಾರೋ ಪರಸ್ಥಳದವನ ಹತ್ತಿರ ಹೇರು ಹೊರಿಸಲು ಒಂದು ಎತ್ತು ಕೊಂಡ. ಎತ್ತಿನ ತೊಡೆಗೆಲ್ಲ ಕೆಸರು ಮೆತ್ತಿತ್ತು.

“ಕೆಸರು ತೊಳೀಬ್ಯಾಡಿ, ನೊಣ ಕೂರಾಕಿಲ್ಲ,” ಎಂದ ಮಾರಿದವನು, ಹಿಂದೆ ನೋಡದೆ ನಡೆದ.

ಎರಡೂ ಪಕ್ಕ ಚೀಲ ಹೇರಿಸಿಕೊಂಡ ಎತ್ತು ಕಾಲು ಬಂದ ಹುಲ್ಲುಮೆದೆಯಂತೆ ಹೊರಟಿತು. ಆದರೆ ದಾರಿಯಲ್ಲಿ ಸಿಕ್ಕ ಪ್ರತಿ ಮನೆಯ ಮುಂದೆಯೂ ನಿಂತಿತು. ಬೈದರೆ ಕದಲದು, ತಳ್ಳಿದರೆ ಕದಲದು. ಬಾಯಿಗೆ ಏನಾದರೂ ಕೊಟ್ಟರೆ ಮಾತ್ರ ಮುಂದಿನ ಮನೆಯವರೆಗೆ ನಡೆಯುತ್ತಿತ್ತು. ಪುರಿ ಕೊಟ್ಟೂ ಕೊಟ್ಟೂ ಒಂದು ಚೀಲ ಜೋತುಬಿತ್ತು. ಕಿರುಗಾವಲು ಬಂದಾಗ ಅದು ತಾನಾಗಿಯೇ ಬೆಳ್ಳಮ್ಮನ ಅಂಗಳಕ್ಕೆ ನುಗ್ಗಿ ಮಲಗಿತು. ನನ್ನ ಮನಸ್ಸು ಇದಕ್ಕೆ ಹೇಗೆ ತಿಳಿಯಿತು ಎಂದು ಹುಚ್ಚೀರಯ್ಯನಿಗೆ ಕಣ್ಣು ತುಂಬಿ ಬಂತು.

“ಬಂದ್ರಾ ಗೌಡ್ರೇ? ಪಾಪ, ಮೂಗಪ್ರಾಣಿ ಬಿಸ್ಲಲ್ಲಿ ಬೆಂದೋಗದೆ,” ಎಂದು ಬೆಳ್ಳಮ್ಮ ಚೀಲ ಇಳಿಸಲು ಕೈಜೋಡಿಸಿ, ಎತ್ತಿನ ಮೈಮೇಲೆ ಒಂದು ಬಿಂದಿಗೆ ನೀರು ಸುರಿದಳು.

ಕೆಸರು ಇಳಿಯಿತು. ತೊಡೆಯ ಮೇಲೆ ತ್ರಿಶೂಲದ ಮುದ್ರೆ ಕಂಡಿತು.

ಕಾಫಿ ಕುಡಿಯುತ್ತಿದ್ದ ಊರ ಯಜಮಾನ ದೊಡ್ಡಬೀರಯ್ಯ ಲೋಟ ಕೆಳಗಿಟ್ಟು ಎದ್ದ. “ಲೇ, ಇದು ದೇವ್ರಿಗೆ ಬುಟ್ಟ ಬಸವ ಕಣ್ಲಾ. ಇದುರ ಮ್ಯಾಲೆ ಪುರಿ ಏರ್ಕಂಡು ಬಂದಿದ್ದೀಯಲ್ಲ.”

ಸಂತೆಗೆ ಬಂದವರೆಲ್ಲ ಅಂಗಳದಲ್ಲಿ ನೆರೆದರು. ಬಸವನಿಗೆ ಹೇರು ಹೊರಿಸುವಂತಿಲ್ಲ. ಅದು ತಾನಾಗಿ ಬಂದು ಮಲಗಿದ ಮನೆಯಿಂದ ಎಬ್ಬಿಸುವಂತೆಯೂ ಇಲ್ಲ. ಎತ್ತು ಹೋಯಿತೆಂದು ಹುಚ್ಚೀರಯ್ಯ ಕೊರಗಲಿಲ್ಲ. ಇದೇ ಸಮಯವೆಂದು ಬೆಳ್ಳಮ್ಮನ ಹತ್ತಿರ ಸರಿದು ಗಂಟಲು ಸರಿಮಾಡಿಕೊಂಡ.

ಅವಳೇ ಮೊದಲು ಮಾತಾಡಿದಳು. “ನನ್ನ ತವರೋರು ಒಂದು ಕರನೂ ಕೊಟ್ಟೋರಲ್ಲ. ನೀನು ಬಸವನ್ನೇ ಒಡ್ಕಂಡು ಬಂದೆ. ಒಡುಟ್ದೋನಿಗಿಂತ ಎಚ್ಚು ಕಣಣ್ಣ.” ಬಗ್ಗಿ ಅವನ ಕಾಲು ಮುಟ್ಟಿದಳು.

“ಸರಿಯಾಗೇ ಅಂದ್ಲು,” ಎಂದ ದೊಡ್ಡಬೀರಯ್ಯ. “ಎಣ್ಮಗಳ ಮನೆಗೆ ದನ ಒಡ್ಕಂಡು ಬರೋನು ಅಣ್ಣನೇಯ.”

ಸುತ್ತ ನಿಂತವರೆಲ್ಲ ತಲೆಯಾಡಿಸಿದರು. ಕೂಡಿಕೆಯ ಮಾತಾಡಲು ಬಂದಿದ್ದ ಹುಚ್ಚೀರಯ್ಯ ಇಳಿಸಿದ ಚೀಲದ ಬಾಯಿ ಕಟ್ಟತೊಡಗಿದ.

“ಈಯಮ್ಮಂಗೆ ಏಳೋರು ಕೇಳೋರು ಯಾರೂ ಇಲ್ಲ ಅಂತ ಇಷ್ಟು ದಿವ್ಸ ಸುಮ್ಗಿದ್ದೆ,” ಯಜಮಾನ ಮುಂದುವರಿಸಿದ. “ಬಸರಾಳಲ್ಲಿ ನಮ್ಮ ಸಡ್ಡಕನ ತಮ್ಮ ಅವ್ನೆ. ಎಡ್ತಿ ತೀರೋದ್ಲು. ಕೂಡಿಕೆ ಮಾಡ್ಕಬೇಕು ಅಂತಾವ್ನೆ. ನೀನೇನಂತೀಯವ್ವ?”

ಬೆಳ್ಳಮ್ಮ ಸೆರಗು ಸರಿಪಡಿಸಿಕೊಂಡು ಬಾಗಿಲ ಮರೆಗೆ ಸರಿದಳು. “ಅಣ್ಣ ಏಳ್ದಂಗೆ.”

ಎಲ್ಲರೂ ಹುಚ್ಚೀರಯ್ಯನ ಕಡೆ ತಿರುಗಿದರು. ಬಸವ ನೆಮ್ಮದಿಯಾಗಿ ಮೆಲುಕು ಹಾಕುತ್ತಿತ್ತು. ಅವನು ಟವಲಿನಿಂದ ಮುಖ ಒರೆಸಿಕೊಂಡ. ಅಣ್ಣನಾದವನು ಏನಾದರೂ ಕೇಳಲೇಬೇಕಲ್ಲ.

“ಅವ್ನು ಉಣ್ಣೋ ಒತ್ಗೆ ಮನೆಗೆ ಬತ್ತಾನಾ?” ಎಂದು ಕೇಳಿದ.