ಹೊರಗಿನದು ಮುಟ್ಟದವರ ಕಾಮಾಲೆ

ಊರಿಗೆ ಕಾಯಿಲೆ ಬಂದರೆ ನನಗೆ ಕೆಲಸ. ಎಲ್ಲಿಂದ ಬಂತು, ಹೇಗೆ ಹರಡಿತು ಎಂದು ಮನೆಮನೆಗೆ ಹೋಗಿ ಕೇಳುವುದು, ಉತ್ತರ ಸಿಗದೆ ತಲೆ ಚಚ್ಚಿಕೊಳ್ಳುವುದು. ಗುಜರಾತಿಗೆ ಬಂದ ಮೇಲೂ ಅದೇ ಕಥೆ. ಜನ ಚಹಾ ಕೊಟ್ಟಿದ್ದಾರೆ, ಢೋಕ್ಲಾ ಕೊಟ್ಟಿದ್ದಾರೆ, ನಿಜ ಮಾತ್ರ ಕೊಟ್ಟಿಲ್ಲ.

ಈ ಸಲ ವಡೋದರಾದಲ್ಲಿ, ನಾವು ಬಾಡಿಗೆಗಿರುವ ಗೋರ್ವಾ ಬಡಾವಣೆಯಲ್ಲೇ ಕಾಮಾಲೆ ಶುರುವಾಯಿತು. ಇವತ್ತು ಈ ಮನೆ, ನಾಳೆ ಆ ಮನೆ, ಮಕ್ಕಳ ಕಣ್ಣು ಹಳದಿಯಾಗುತ್ತಿತ್ತು. ಮೂಲ ಸಿಗದೆ ಅದು ನಿಲ್ಲುವಂತಿರಲಿಲ್ಲ. ಅಹಮದಾಬಾದಿನ ಆಫೀಸಿನಿಂದ ಸಾಹೇಬರು ದಿನಾ ಬೆಳಿಗ್ಗೆ ಫೋನ್ ಮಾಡಿ "ಸಿಕ್ಕಿತಾ?" ಎನ್ನುತ್ತಿದ್ದರು, ನಾನೇನೋ ಕಳೆದುಹೋದ ಚಪ್ಪಲಿ ಹುಡುಕುತ್ತಿರುವ ಹಾಗೆ.

ಆರು ವಾರದ ಊಟ

ಈ ಕಾಮಾಲೆಯ ವೈರಸ್ಸು ಒಳಗೆ ಹೊಕ್ಕ ಮೇಲೂ ವಾರಗಟ್ಟಲೆ ಸುಮ್ಮನಿರುತ್ತದೆ. ಹಾಗಾಗಿ ಕಳೆದ ಆರು ವಾರ ಏನೇನು ತಿಂದಿರಿ ಎಂದು ಕೇಳಬೇಕು. ನಿನ್ನೆ ತಿಂದದ್ದೇ ಯಾರಿಗೂ ನೆನಪಿರುವುದಿಲ್ಲ. ಒಬ್ಬ ಅಜ್ಜ ಮಾತ್ರ ಪಡಸಾಲೆಯ ಉಯ್ಯಾಲೆಯಲ್ಲಿ ಜೀಕುತ್ತಾ "ಬರೆದುಕೊಳ್ಳಿ ಬೇನ್" ಎಂದರು. ಸೋಮವಾರ ಖಿಚಡಿ-ಕಢಿ, ಮಂಗಳವಾರ ದಾಲ್ ಢೋಕ್ಳಿ, ಏಕಾದಶಿಗೆ ರಾಜಗಿರಿ ಪೂರಿ. ಎರಡು ಗಂಟೆ ಬರೆದೆ, ಕೈ ಬಿದ್ದುಹೋಯಿತು. ಇಂಥ ನೆನಪಿನ ಶಕ್ತಿಗೆ ಕೈಮುಗಿಯಬೇಕು ಅನ್ನಿಸಿತು. ಕೊನೆಗೆ, "ದಾದಾ, ನಿಮಗೆ ಕಣ್ಣು ಹಳದಿಯಾದದ್ದು ಯಾವಾಗ?" ಎಂದೆ.

"ನನಗ್ಯಾಕೆ ಆಗುತ್ತೆ? ಕಾಮಾಲೆ ಬಂದಿರೋದು ಪಕ್ಕದ ಮನೆಯವರಿಗೆ. ನೀವು ಊಟ ಕೇಳಿದಿರಿ, ಹೇಳಿದೆ."

ತಲೆಯಾಡಿಸುವ ಅತ್ತೆ

ಪಕ್ಕದ ಮನೆಗೆ ಹೋದೆ. ಇಲ್ಲಿ ಒಬ್ಬರನ್ನು ಪ್ರಶ್ನೆ ಕೇಳಿದರೆ ಇಡೀ ಮನೆ ಬಂದು ಸುತ್ತ ಕೂರುತ್ತದೆ. ಕಾಮಾಲೆಯಾದ ಸೊಸೆಯನ್ನು "ಹೊರಗೇನಾದರೂ ತಿಂದಿದ್ದಿರಾ?" ಎಂದು ಕೇಳಿದೆ. ಆಕೆ ಅತ್ತೆಯ ಮುಖ ನೋಡಿದಳು. "ನಾವು ಹೊರಗಿನದು ಮುಟ್ಟೋದೇ ಇಲ್ಲ." ಅತ್ತೆ ತಲೆಯಾಡಿಸಿದರು. ಓಣಿಯುದ್ದಕ್ಕೂ ಅದೇ ಉತ್ತರ, ಅದೇ ತಲೆಯಾಟ.

ಸಂಜೆ ನೀರಿನ ಟ್ಯಾಂಕಿಯ ಹತ್ತಿರ ಹೋದರೆ ಅಲ್ಲಿ ಮೂರು ಪಾನಿಪುರಿ ಗಾಡಿ, ಸುತ್ತ ಅದೇ ಓಣಿಯ ಜನ. ಮುಂದಿನ ಸಾಲಿನಲ್ಲಿ ಬೆಳಗಿನ ಅತ್ತೆ. ನನ್ನನ್ನು ಕಂಡರು. ಬಾಯಿ ತುಂಬಿತ್ತು. ಕೈ ಆಡಿಸಿಯೇ "ಇಲ್ಲ, ಇಲ್ಲ" ಎಂದರು.

ಮರುದಿನವೇ, ನನ್ನ ಜೊತೆ ಮನೆಮನೆಗೆ ಹೋಗಿ ಫಾರಂ ತುಂಬುವ ಹುಡುಗಿಯರಿಗೆ ನಿಯಮ ಮಾಡಿದೆ: "ಮುಟ್ಟೋದೇ ಇಲ್ಲ" ಎಂಬ ಉತ್ತರ ಬಂದರೆ ಮನೆಯವರನ್ನು ಹೊರಗೆ ಕಳಿಸಿ ಮತ್ತೆ ಕೇಳಿ. ಅವರನ್ನು ಹೊರಗೆ ಕಳಿಸಿದರೆ ಕಿಟಕಿಯಲ್ಲಿ ನಿಂತರು.

ಎರಡು ಕಾಲಂ

ನಮ್ಮ ಅಧ್ಯಯನಕ್ಕೆ ವಿದೇಶದ ತಜ್ಞರೂ ಇದ್ದಾರೆ. ಫಾರಂ ಅವರದು. ಅದರಲ್ಲಿ ಎರಡೇ ಕಾಲಂ: ತಿನ್ನುವುದು, ಕುಡಿಯುವುದು. ಪಾನಿಪುರಿಯನ್ನು ಎಲ್ಲಿ ಬರೆಯಲಿ ಎಂದು ವಿಡಿಯೋ ಮೀಟಿಂಗಿನಲ್ಲಿ ಕೇಳಿದೆ.

"ಅಗಿಯುತ್ತಾರೋ, ನುಂಗುತ್ತಾರೋ?"

"ಎರಡೂ, ಒಟ್ಟಿಗೆ."

"ಒಂದನ್ನು ಆರಿಸಿ."

ಮೂರು ದೇಶದವರು ಒಂದು ಗಂಟೆ ಚರ್ಚಿಸಿದರು. ಇತ್ತ ಇನ್ನೊಂದು ಮಗುವಿಗೆ ಕಾಮಾಲೆಯೆಂದು ಮೊಬೈಲಿಗೆ ಸುದ್ದಿ ಬಂತು. ನನಗೆ ನಿಜಕ್ಕೂ ಅಳು ಬಂತು. ಅವರು ಒಂದು ಉಪಸಮಿತಿ ಮಾಡಿದರು. ಅದಕ್ಕೆ ಅಧ್ಯಕ್ಷೆ ನಾನೇ.

ಮನೆ ಊಟ

ಅದಾದ ವಾರಕ್ಕೆ ಕನ್ನಡಿಯಲ್ಲಿ ನನ್ನ ಕಣ್ಣೇ ಹಳದಿ. ಆಸ್ಪತ್ರೆಗೆ ಸೇರಿದೆ. ಹೊರಗಿನ ತಿಂಡಿಯ ವಿಷಯದಲ್ಲಿ ದಿನಾ ಭಾಷಣ ಮಾಡುವ ಗಂಡ ಒಂದು ಕಡೆ, ಧಾರವಾಡದಿಂದ ಬಂದು ನಮ್ಮೊಂದಿಗಿರುವ ಅತ್ತೆ ಇನ್ನೊಂದು ಕಡೆ. ಫಾರಂ ಹಿಡಿದು ಬಂದವಳು ನನ್ನ ಕೈಕೆಳಗೇ ಕಲಿಯುವ ಹುಬ್ಬಳ್ಳಿಯ ಹುಡುಗಿ.

"ಮೇಡಂ, ಹೊರಗ ಏನರ ತಿಂದೀರೇನು?"

ಗಂಡನ ಮುಖ ನೋಡಿದೆ. "ನಾವು ಹೊರಗಿಂದು ಮುಟ್ಟೋದೇ ಇಲ್ಲ."

ಅತ್ತೆ ತಲೆಯಾಡಿಸಿದರು.

ಹುಡುಗಿ ಪೆನ್ನು ಕೆಳಗಿಟ್ಟಳು. "ನೀವೇ ಮಾಡಿದ ನಿಯಮ ಮೇಡಂ. ಅಜ್ಜಿ, ಸ್ವಲ್ಪ ಹೊರಗ ಹೋಗ್ರಿ."

"ನಾ ಯಾಕ ಹೋಗ್ಲಿ?" ಎಂದರು ಅತ್ತೆ. "ಇವನ್ನ ಕಳಿಸು."

ಗಂಡ ಹೋದರು. ಅತ್ತೆ ಬಾಗಿಲು ಮುಂದೆ ಮಾಡಿ ಬಂದು ದನಿ ತಗ್ಗಿಸಿದರು. "ಬರ್ಕೊ. ತಿಂಗಳ ಹಿಂದ, ಟ್ಯಾಂಕಿ ಹತ್ರ, ಮೂಲಿ ಗಾಡ್ಯಾಗ. ಗಾಡಿ ನೋಡಿ ಬರೋಣಂತ ಈಕಿ ಕರ್ಕೊಂಡು ಹೋದ್ಲು. ಈಕಿ ಒಂದು ಪ್ಲೇಟು, ನಾ ಎರಡು. ಅಂವ ಕೊಡಕ್ಕ ನೀರು ಹಿಡಿಯೋ ನಳ ಗಟಾರದಾಗ ಮುಳುಗಿತ್ತು, ನಾ ಕಣ್ಣಾರೆ ನೋಡೀನಿ."

"ನೋಡಿನೂ ತಿಂದ್ರ್ಯಾ ಅಜ್ಜಿ?"

"ಎರಡನೇ ಪ್ಲೇಟು ಮುಗಿದ ಮ್ಯಾಲೆ ನೋಡಿದ್ದು."

ಅತ್ತೆಗೆ ಏನೂ ಆಗಿರಲಿಲ್ಲ. ನೂರು ಮನೆ ಸುತ್ತಿ ಸಿಗದ ನಿಜ ನನ್ನ ಮನೆಯಲ್ಲೇ, ನನ್ನ ಎದುರಿಗೇ ರೊಟ್ಟಿ ಬಡಿಯುತ್ತಾ ಕೂತಿತ್ತು, ನಾನೊಮ್ಮೆಯೂ ಕೇಳಿರಲಿಲ್ಲ. ಹುಡುಗಿ ಅಲ್ಲಿಂದಲೇ ಫೋನ್ ಮಾಡಿದಳು. ಮರುದಿನವೇ ಆ ನಳ ಮುಚ್ಚಿಸಿದರು, ತಿಂಗಳೊಪ್ಪತ್ತಿನಲ್ಲಿ ಕಾಮಾಲೆ ನಿಂತಿತು.

ಆದರೆ ಅವತ್ತು, ಅವಳು ಫೋನ್ ಇಡುತ್ತಿದ್ದಂತೆ ಗಂಡ ಬಾಗಿಲು ತಳ್ಳಿಕೊಂಡು ಒಳಗೆ ಬಂದು ಕೇಳಿದರು: "ಎಲ್ಲಿಂದ ಬಂತಂತೆ?"

ನಾನು, ಅತ್ತೆ, ಹುಬ್ಬಳ್ಳಿಯ ಹುಡುಗಿ, ಮೂವರೂ ಒಟ್ಟಿಗೇ ಹೇಳಿದೆವು: "ಇನ್ನೂ ಗೊತ್ತಾಗಿಲ್ಲ."