ಅಕ್ವೇರಿಯಂ ಮುಂದೆ ಆಡಿದ ಮಾತು

ನಮ್ಮ ಭಾಷೆಯಲ್ಲಿ ‘ವಿಶೇಷ’ ಎಂಬುದಕ್ಕಿಂತ ಅಪಾಯಕಾರಿ ಪದ ಇನ್ನೊಂದಿಲ್ಲ ಎಂಬುದು ಈ ವಯಸ್ಸಿನಲ್ಲಿ ನನಗಾದ ಜ್ಞಾನೋದಯ. ಬಸ್ ಸ್ಟಾಪಿನಲ್ಲಿ ಸಿಕ್ಕ ಗೆಳೆಯ “ಏನ್ ವಿಶೇಷ?” ಎಂದರೆ ತರಕಾರಿ ರೇಟಿನಿಂದ ಮಂಡಿನೋವಿನವರೆಗೆ ಏನು ಬೇಕಾದರೂ ಹೇಳಬಹುದು. ಅದೇ ಮಾತನ್ನು ಮದುವೆಯಾಗಿ ಐದಾರು ವರ್ಷವಾದ ಹೆಣ್ಣುಮಗಳಿಗೆ ಕೇಳಿದರೆ ಅದಕ್ಕೆ ಒಂದೇ ಅರ್ಥ. ಎಸ್ಸೆಸ್ಸೆಲ್ಸಿಯವರೆಗೆ ಕನ್ನಡ ಓದಿದ ನನಗೆ ಇದು ಗೊತ್ತಿರಲಿಲ್ಲವೆಂದಲ್ಲ. ಗೊತ್ತಿದ್ದೂ ಕೆಟ್ಟೆ.

ಬನಶಂಕರಿಯ ನಮ್ಮ ಮನೆಯ ನಡುಮನೆಯಲ್ಲಿ ಒಂದು ಅಕ್ವೇರಿಯಂ ಇದೆ. ಕಾರ್ಖಾನೆಯ ಸ್ಟೋರ್ಸ್‌ನಿಂದ ನಾನು ನಿವೃತ್ತನಾದಾಗ, ಇಡೀ ದಿನ ಅಡುಗೆಮನೆಗೆ ಬಂದು ಡಬ್ಬಿಗಳನ್ನು ಸಾಲಾಗಿ ಜೋಡಿಸುತ್ತೇನೆಂದು ಹೆದರಿ, ಮಗ ಪ್ರಸನ್ನ ತಂದುಕೊಟ್ಟದ್ದು. ಅದರಲ್ಲಿನ ಕೊರಿಡೋರಾಸ್ ಮೀನುಗಳನ್ನು ಆರಿಸಿದವಳು ಸೊಸೆ ಸುಮಾ. ಹೆಬ್ಬೆರಳಿನಷ್ಟು ಮೀನು, ಮೈಮೇಲೆ ಚುಕ್ಕೆ, ಬಾಯಿಯ ಎರಡೂ ಕಡೆ ಮೀಸೆ. ಸದಾ ತಳದ ಮರಳಿನಲ್ಲಿ ಕಳೆದುಹೋದ ಚಿಲ್ಲರೆ ಹುಡುಕುವಂತೆ ಓಡಾಡಿಕೊಂಡಿರುತ್ತವೆ. ಬೇರೆ ಮೀನುಗಳಿಗಿಲ್ಲದ ಒಂದು ಚಾಳಿ ಇವಕ್ಕಿದೆ: ಕಣ್ಣು ಹೊಡೆಯುತ್ತವೆ. “ಮಾವ, ಇದು ನಂಗೆ ಕಣ್ಣು ಹೊಡೀತು! ಇದೇ ಬೇಕು” ಎಂದು ಅಂಗಡಿಯಲ್ಲಿ ಸುಮಾ ಕುಣಿದಿದ್ದಳು. ನನ್ನ ಹೆಂಡತಿ ಸರೋಜ ಅವಕ್ಕೆ ‘ಕಾರಿಡಾರ್ ಮೀನು’ ಎಂದು ಹೆಸರಿಟ್ಟಳು. ಆಫೀಸಿನಿಂದ ಬಂದ ಸುಮಾ ಎರಡು ಲೋಟ ಕಾಫಿ ಹಿಡಿದು ನನ್ನ ಪಕ್ಕದಲ್ಲಿ ಕೂರುವಳು. ಯಾವುದು ಯಾರಿಗೆ ಕಣ್ಣು ಹೊಡೆಯಿತು ಎಂಬುದರ ಮೇಲೆ ನಮ್ಮಿಬ್ಬರಿಗೂ ಜಗಳ.

ಹೀಗಿರಲು ನನಗೆ ಆ ಮೀನುಗಳ ಮರಿ ನೋಡುವ ಹುಚ್ಚು ಹತ್ತಿತು. ಮಳೆ ಬಂದು ನೀರು ತಂಪಾಯಿತೆಂದು ನಂಬಿದರೆ ಇವು ಮೊಟ್ಟೆ ಇಡುತ್ತವಂತೆ. ಆದ್ದರಿಂದ ಕಾವೇರಿ ನೀರು ಬಂದ ದಿನವೆಲ್ಲ ಮೊದಲ ಎರಡು ಬಕೆಟ್ ಮೀನಿಗೆ. “ಕಾರಿಡಾರ್‌ನವರಿಗೆ ಕಾವೇರಿ, ಮನೆಯವರಿಗೆ ಬೋರ್‌ವೆಲ್ಲು. ಬೇಳೆ ಬೇಯದಿದ್ರೆ ನನ್ನ ಕೇಳ್ಬೇಡಿ” ಎಂದಳು ಸರೋಜ. ಬೇಳೆ ಬೇಯಲಿಲ್ಲ, ನಾನೂ ಕೇಳಲಿಲ್ಲ. ಮೀನುಗಳೂ ಮೊಟ್ಟೆ ಇಡಲಿಲ್ಲ.

ಒಂದು ಸಂಜೆ ಬಿಟಿಎಂ ಲೇಔಟಿನಿಂದ ಗೆಳೆಯ ಶ್ರೀಕಂಠ ಫೋನ್ ಮಾಡಿದ. ಅವನಿಗೂ ಮೀನಿನ ಹುಚ್ಚು. ನನಗೆ ಕಿವಿ ಮಂದವಾದ್ದರಿಂದ ಊರಿಗೆಲ್ಲ ಕೇಳುವಂತೆ ಮಾತಾಡುವುದು ರೂಢಿ.

“ಏನಪ್ಪಾ, ವಿಶೇಷ ಏನಾದ್ರೂ ಆಯ್ತಾ?” ಎಂದ ಅವನು.

“ಎಲ್ಲಿ ವಿಶೇಷ ಬಂತು! ಎಲ್ಲಾ ಮಾಡಿ ನೋಡ್ದೆ ಕಣಯ್ಯಾ. ತಿನ್ನೋದೊಂದು ಗೊತ್ತು ಅಷ್ಟೆ. ಎಷ್ಟೂಂತ ಕಾಯೋದು? ಇದನ್ನ ವಾಪಸ್ ಕಳಿಸಿ ಬೇರೆ ಹೆಣ್ಣು ತಂದುಬಿಡೋಣ ಅಂತಿದ್ದೀನಿ.”

ಹೀಗೆಂದು ದೊಡ್ಡದೊಂದು ನಿಟ್ಟುಸಿರು ಬಿಟ್ಟು ತಿರುಗಿದರೆ, ಬಾಗಿಲಲ್ಲಿ ಸುಮಾ. ಕೈಯಲ್ಲಿ ಎರಡು ಲೋಟ. ನನ್ನ ಲೋಟವನ್ನು ಟೀಪಾಯಿ ಮೇಲಿಟ್ಟು, ತನ್ನದನ್ನು ಹಿಡಿದುಕೊಂಡು ಒಳಗೆ ಹೋದಳು. ಮರುದಿನ “ಅಮ್ಮಂಗೆ ಹುಷಾರಿಲ್ಲ” ಎಂದು ಗೊಟ್ಟಿಗೆರೆಯ ತವರಿಗೆ ಹೊರಟೇಬಿಟ್ಟಳು.

ರಾತ್ರಿ ಊಟಕ್ಕೆ ಕೂತಾಗ ಪ್ರಸನ್ನ ತಟ್ಟೆ ನೋಡುತ್ತಾ ಕೇಳಿದ: “ಅಪ್ಪಾ, ನಂಗೆ ಬೇರೆ ಹೆಣ್ಣು ತರ್ತೀರಂತೆ?”

“ಮೀನಿಗೆ ಕಣೋ!”

“ಅದು ಅವಳಿಗೂ ಗೊತ್ತಪ್ಪಾ. ‘ಮಾತು ಮೀನಿಂದೇ. ಆದ್ರೆ ಮಾವ ಬಿಟ್ರಲ್ಲ, ಆ ನಿಟ್ಟುಸಿರು ಮೀನಿಂದಲ್ಲ’ ಅಂದ್ಲು.”

ಓದುಗರೇ, ತಪ್ಪು ತಿಳಿದಳು ಎಂದು ಹೇಳಿ ನಾನು ಪಾರಾಗಬಹುದಿತ್ತು. ಆದರೆ ಅವಳು ತಿಳಿದದ್ದು ಸರಿಯಾಗಿಯೇ ಇತ್ತು. ಅಟ್ಟದ ಮೇಲೆ ಪ್ರಸನ್ನ ನಡೆಯಲು ಕಲಿತ ಮೂರು ಗಾಲಿಯ ಮರದ ಗಾಡಿಯಿದೆ. ಪ್ರತಿ ಯುಗಾದಿಗೆ ಮನೆ ತೊಳೆಯುವಾಗ ಅದನ್ನು ಇಳಿಸಿ, ಗಾಲಿಗೆ ಎಣ್ಣೆ ಬಿಟ್ಟು, ಅವಳ ಕಣ್ಣೆದುರಿಗೇ ಮತ್ತೆ ಮೇಲೆ ಇಡುತ್ತಿದ್ದೆ. ಬಾಯಿಬಿಟ್ಟು ಒಂದು ದಿನವೂ ಕೇಳಿದವನಲ್ಲ ಎಂದು ನನಗೆ ನನ್ನ ಮೇಲೆಯೇ ಬಹಳ ಗೌರವವಿತ್ತು. ಕೇಳಲಿಲ್ಲ, ನಿಜ. ನೋಡುತ್ತಿದ್ದೆ. ಹುಳಿ ಎರಡು ಸಲ ಬಡಿಸಿಕೊಂಡರೆ ನೋಡುತ್ತಿದ್ದೆ. ತಲೆಸುತ್ತು ಎಂದರೆ ಆಸೆಯಿಂದ ನೋಡುತ್ತಿದ್ದೆ. ಅದು ಬರೀ ಬಿಸಿಲಿನ ತಲೆಸುತ್ತು ಎಂದು ತಿಳಿದಾಗ ನನ್ನ ಮುಖ ಏನಾಗುತ್ತಿತ್ತೋ, ಅದನ್ನು ನೋಡುತ್ತಿದ್ದವಳು ಅವಳು.

ಸುಮಾ ಇಲ್ಲದ ಸಂಜೆಗಳು ಬಹಳ ಉದ್ದವಾದವು. ಕಾಫಿಯೇನೋ ಬರುತ್ತಿತ್ತು, ಒಂದೇ ಲೋಟ. ಮೀನು ಕಣ್ಣು ಹೊಡೆದರೆ “ನಂಗೆ ಹೊಡೆದದ್ದು” ಎಂದು ಯಾರ ಹತ್ತಿರ ವಾದಿಸುವುದು? ಇರುವ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಹುಟ್ಟದ ಮಗುವಿಗೆ ಕಾಯುತ್ತಿದ್ದೆನಲ್ಲ ಎನಿಸಿತು. ಗಾಜಿಗೆ ಮೂಗು ಒತ್ತಿ ಕೂತವನನ್ನು ನೋಡಿ ಸರೋಜ ರೇಗಿದಳು: “ನೀವು ಹೀಗೆ ಮೂತಿ ಇಟ್ಕೊಂಡು ಕಾವಲು ಕೂತ್ರೆ ಯಾವ ಮೀನು ತಾನೇ ಮೊಟ್ಟೆ ಇಡುತ್ತೆ? ಮಾನ ಮರ್ಯಾದೆ ಇರೋ ಮೀನು ಇಡಲ್ಲ.”

ನಾನು ಎದ್ದು, ಹಳೆಯ ಪೇಪರ್ ತೆಗೆದು, ಅಕ್ವೇರಿಯಂನ ಮೂರೂ ಕಡೆ ಅಂಟಿಸಿದೆ. ಆಮೇಲೆ ಗೊಟ್ಟಿಗೆರೆ ಬಸ್ಸು ಹತ್ತಿದೆ.

ಸುಮಾಳ ತಾಯಿ ಗಟ್ಟಿಮುಟ್ಟಾಗಿ ವರಾಂಡದಲ್ಲಿ ಹಪ್ಪಳ ಒಣಹಾಕುತ್ತಿದ್ದರು. “ಹುಷಾರಾಗಿದ್ದೀರಾ?” ಎಂದೆ. “ನನಗೇನಾಗಿತ್ತು?” ಎಂದರು. ಸುಮಾ ಹೊರಗೆ ಬಂದಳು. ಬಸ್ಸಿನಲ್ಲಿ ಕಟ್ಟಿಕೊಂಡಿದ್ದ ಭಾಷಣವೆಲ್ಲ ಮರೆತುಹೋಯಿತು.

“ಪೇಪರ್ ಅಂಟಿಸಿಬಿಟ್ಟೆ ಕಣಮ್ಮಾ” ಎಂದೆ. “ಇನ್ಮೇಲೆ ನೋಡಲ್ಲ.”

“ಮೀನನ್ನಷ್ಟೇನಾ ಮಾವ?”

“ಯಾರನ್ನೂ ನೋಡಲ್ಲ. ತಪ್ಪಾಯ್ತು. ಆ ಮರದ ಗಾಡೀನೂ ಯಾರಿಗಾದ್ರೂ ಕೊಟ್ಟುಬಿಡ್ತೀನಿ.”

ಅವಳು ಸ್ವಲ್ಪ ಹೊತ್ತು ಹಪ್ಪಳಗಳನ್ನು ಮಗುಚಿಹಾಕಿದಳು. “ಗಾಡಿ ಇರ್ಲಿ ಬಿಡಿ” ಎಂದಳು, ತಲೆಯೆತ್ತದೆ. “ನಂಗೂ ಆಸೆ ಇಲ್ವಾ? ಎಣ್ಣೆ ಮಾತ್ರ ನಾನಿಲ್ದಾಗ ಬಿಡಿ.”

ಮನೆಗೆ ಬಂದವಳು ಮೊದಲು ಮಾಡಿದ ಕೆಲಸ ಪೇಪರಿನ ತುದಿ ಎತ್ತಿ ಇಣುಕಿದ್ದು. “ಮಾವಾ!” ಎಂದು ಕಿರುಚಿದಳು. ಗಾಜಿನ ಮೇಲೆ ಸಬ್ಬಕ್ಕಿ ಎರಚಿದ ಹಾಗೆ ಮೊಟ್ಟೆಗಳು. ಹೆತ್ತವರೇ ತಿಂದುಹಾಕುವ ಜಾತಿಯಾದ್ದರಿಂದ ಅವಳೇ ಒಂದೊಂದನ್ನೂ ಬೆರಳಿನಿಂದ ಮೆಲ್ಲಗೆ ಉರುಳಿಸಿ, ಬೂಷ್ಟು ಹಿಡಿಯದಿರಲೆಂದು ಒಣಗಿದ ಬಾದಾಮಿ ಎಲೆ ಹಾಕಿದ ನೀರಿನ ಡಬ್ಬಿಗೆ ಬಿಟ್ಟಳು. ಅಷ್ಟರಲ್ಲಿ ಶ್ರೀಕಂಠನ ಫೋನ್ ಬಂತು. ನಾನು ಎತ್ತಲು ಹೆದರಿದೆ. ಅವಳೇ ಎತ್ತಿ, “ಹ್ಞೂಂ ಅಂಕಲ್, ನಮ್ಮನೇಲಿ ವಿಶೇಷ. ಬಾಣಂತನ ನಮ್ಮ ಮಾವಂದೇ” ಎಂದಳು.

ಈಗ ಡಬ್ಬಿಯಲ್ಲಿ ಬೆರಳೆಣಿಕೆಯಷ್ಟು ಮರಿಗಳಿವೆ, ರೆಪ್ಪೆಕೂದಲಿನಷ್ಟು. ನಾನು ಸುಧಾರಿಸಿದ್ದೇನೆ ಎಂದೇ ಎಲ್ಲರಿಗೂ ಹೇಳುತ್ತೇನೆ. ಮೊನ್ನೆ ಭಾನುವಾರ ಸರೋಜ ಮಾವಿನಕಾಯಿ ಚಿತ್ರಾನ್ನ ಮಾಡಿದ್ದಳು. ಸುಮಾ ಒಂದು ಸಲ ಬಡಿಸಿಕೊಂಡಳು. ಎರಡನೆಯ ಸಲವೂ ಬಡಿಸಿಕೊಂಡಳು. ನಾನು ತಟ್ಟೆಯಿಂದ ತಲೆಯೆತ್ತಲಿಲ್ಲ, ಕಡಲೆಬೀಜ ಎಣಿಸುತ್ತಾ ಕೂತಿದ್ದೆ. ಅವಳು ಮೂರನೆಯ ಸಲ ಸೌಟಿಗೆ ಕೈಹಾಕಿದಾಗ ಮಾತ್ರ, ಇಷ್ಟೇ ಇಷ್ಟು, ಕಣ್ಣು ಮೇಲೆ ಹೋಯಿತು. ಸೌಟು ಅಲ್ಲೇ ನಿಂತಿತು.

“ಮಾವ,” ಎಂದಳು ಸುಮಾ, “ನಿಮ್ಮ ಕನ್ನಡಕಕ್ಕೂ ಪೇಪರ್ ಅಂಟಿಸ್ಲಾ?”