ಮಗ್ಗದ ಮುಂದೆ ಕಲಿತ ಭಾಷಣ

ಸರಕು ಚೆನ್ನಾಗಿದ್ದರೆ ಸಾಕು, ಮಾತು ಯಾಕೆ ಬೇಕು ಎಂದುಕೊಂಡೇ ನಾನು ಇಷ್ಟು ವರ್ಷ ಬೆಳಗಾವಿಯ ವಡಗಾವಿಯಲ್ಲಿ ಸೀರೆ ನೇಯಿಸಿಕೊಂಡು ಬಂದೆ. ಈಗ ಕಾಲ ಬದಲಾಗಿದೆಯಂತೆ. ಉದ್ಯಮದ ಮುಂದಾಳು ಎನ್ನಿಸಿಕೊಂಡವನಿಗೆ ನಾಲ್ಕು ಜನರೆದುರು ನಿಂತು ತನ್ನ ಸರಕನ್ನು ಚೆಂದಾಗಿ ವಿವರಿಸಲು ಬರಬೇಕಂತೆ. ನಾಲ್ಕೇ ನಾಲ್ಕು ವಿದ್ಯುತ್ ಮಗ್ಗ ಇಟ್ಟುಕೊಂಡ ನಾನೂ ಮುಂದಾಳು ಹೌದೋ ಅಲ್ಲವೋ ಎಂದು ಹೆಂಡತಿ ಸರೋಜಾಳನ್ನು ಕೇಳಿದೆ. "ಕಾರ್ಖಾನ್ಯಾಗ ಇರಬಹುದು, ಮನ್ಯಾಗಂತೂ ಅಲ್ಲ" ಎಂದಳು.

ಪ್ರಸಂಗ ಬಂದದ್ದು ಖಾನಾಪುರದಿಂದ. ಅಲ್ಲಿನ ಮಹಿಳಾ ಸಂಘದವರು ಸದಸ್ಯೆಯರಿಗೆಲ್ಲ ಒಂದೇ ನಮೂನೆಯ ಮುನ್ನೂರು ಸೀರೆ ಕೊಳ್ಳುವವರಿದ್ದರು. ಬಂದು ಪ್ರೆಸೆಂಟೇಶನ್ ಕೊಡಿ ಎಂದರು. ಆ ಆರ್ಡರ್ ಸಿಗದಿದ್ದರೆ ಎರಡು ಮಗ್ಗ ನಿಲ್ಲಿಸಬೇಕಿತ್ತು. ಹದಿನೈದು ವರ್ಷದಿಂದ ನಮ್ಮಲ್ಲಿ ನೇಯುವ ಶಾಂತಕ್ಕನಿಗೆ ನಾಳೆಯಿಂದ ಬರಬೇಡ ಎಂದು ಯಾವ ಬಾಯಿಂದ ಹೇಳಲಿ? ನಿಜಕ್ಕೂ ಹೆದರಿದ್ದೆ. ಮೊಬೈಲಿನಲ್ಲಿ ಟೈ ಕಟ್ಟಿದವನೊಬ್ಬ, ನಿಮಗೆ ಧೈರ್ಯ ಬರುವ ಜಾಗದಲ್ಲಿ ನಿಂತು ಅಭ್ಯಾಸ ಮಾಡಿ ಎಂದ. ನನಗೆ ಧೈರ್ಯ ಬರುವ ಜಾಗ ಭೂಮಿಯ ಮೇಲೆ ಒಂದೇ. ಎಂಟು ದಿನ, ಓಡುವ ಮಗ್ಗಗಳ ನಡುವೆ ನಿಂತು ಭಾಷಣ ಒಪ್ಪಿಸಿದೆ. ಆ ಕಟಕಟ ಸದ್ದಿನಲ್ಲಿ ಮಾತು ಹಾಯಾಗಿ ಹರಿಯಿತು. ಶಾಂತಕ್ಕ ಮಗ್ಗದ ಬಳಿಯಿಂದಲೇ ಕೈಯೆತ್ತಿ, ಭಾರಿ ಆಯಿತೆಂದು ಸನ್ನೆ ಮಾಡಿದಳು.

ಖಾನಾಪುರದ ಸಭಾಂಗಣ ಸಣ್ಣದು, ನಿಶ್ಶಬ್ದವಾಗಿತ್ತು. ಐವತ್ತು ಹೆಂಗಸರು ಚಹಾ ಕುಡಿಯುತ್ತ ಕೂತಿದ್ದರು. ಅಧ್ಯಕ್ಷೆ ಪದ್ಮಾವತಿ ಬಾಯಿ "ಬರ್ರಿ, ಶುರು ಮಾಡ್ರಿ" ಎಂದರು. ಎದೆಯುಬ್ಬಿಸಿ "ನಮಸ್ಕಾರ!" ಎಂದೆ. ಮುಂದಿನ ಸಾಲಿನವರೊಬ್ಬರ ಕೈಯಿಂದ ಚಹಾದ ಬಸಿ ಬಿತ್ತು. ಮಡಿಲಲ್ಲಿ ಮಲಗಿದ್ದ ಕೂಸೊಂದು ಬೆಚ್ಚಿ ಅಳತೊಡಗಿತು. "ಅಗಬಾಯಿ! ಇವ್ರು ಯಾಕ ಬೈಯಾಕ ಹತ್ಯಾರ?" ಎಂದರು ಯಾರೋ. ಆಗ ಹೊಳೆಯಿತು. ನಾನು ಕಲಿತದ್ದು ಮಗ್ಗದ ಸದ್ದನ್ನು ಮೀರಿಸುವ ಭಾಷಣ, ಇಲ್ಲಿ ಮಗ್ಗವೇ ಇಲ್ಲ! ದನಿ ಇಳಿಸಿದೆ. ದನಿಯ ಜೊತೆ ಭಾಷಣವೂ ಇಳಿದುಹೋಯಿತು. ಒಂದಕ್ಷರ ನೆನಪಾಗಲಿಲ್ಲ.

ದೇವರೇ, ಮುನ್ನೂರು ಸೀರೆ! ಗಂಟಲು ಕೈಕೊಟ್ಟಾಗ ಕೈಯೇ ಮುಂದಾಯಿತು. ಮಗ್ಗದ ಗದ್ದಲದಲ್ಲಿ ಅರ್ಧ ವ್ಯವಹಾರವನ್ನು ನಾವು ಸನ್ನೆಯಲ್ಲೇ ಮಾಡುವವರು. ಸೀರೆ ಬಿಚ್ಚಿ ಸೆರಗನ್ನು ಜಗ್ಗಿ ತೋರಿಸಿದೆ. ಮುಷ್ಟಿಯಲ್ಲಿ ಹಿಂಡಿ, ಸುಕ್ಕಿಲ್ಲವೆಂದು ಹರಡಿದೆ. ಬೆರಳಿನಿಂದಲೇ ಮಳೆ ಸುರಿಸಿದೆ, ಸೀರೆಯನ್ನು ಒಗೆದೆ, ಒಣಹಾಕಿದೆ, ಬಣ್ಣ ಹೋಗಲಿಲ್ಲವೆಂದು ಹೆಬ್ಬೆರಳು ಎತ್ತಿದೆ. ಹೆಂಗಸರು ಬಿದ್ದು ಬಿದ್ದು ನಕ್ಕರು. ಎದ್ದು ಬಂದು ತಾವೂ ಜಗ್ಗಿದರು. ಜಾಂಬೋಟಿಯ ಅಜ್ಜಿಯೊಬ್ಬರು ಸೆರಗು ಹೊದ್ದು "ಖರೇ ಗಟ್ಟಿ ಐತಿ ನೋಡ್ರವಾ, ನಮ್ಮ ಮಳಿಗಾಲಕ್ಕ ಇದ ಬರೋಬರಿ" ಎಂದರು. ಪದ್ಮಾವತಿ ಬಾಯಿ ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತ "ಆರ್ಡರ್ ನಿಮಗ. ಆದ್ರ ಸೀರಿ ಹಂಚೂ ದಿನ ನೀವು ಭಾಷಣ ಮಾಡಂಗಿಲ್ಲ ಮತ್ತ!" ಎಂದರು.

ನನಗೆ ಸಂತೋಷ ತಡೆಯಲಾಗಲಿಲ್ಲ. ಸುದ್ದಿ ಬೇರೆ ನೇಕಾರರ ಕಿವಿಗೆ ಬೀಳದಿರಲೆಂದು ಬಸ್ ನಿಲ್ದಾಣದ ಮೂಲೆಗೆ ಹೋಗಿ, ಬಾಯಿಗೆ ಕೈ ಅಡ್ಡ ಹಿಡಿದು, ಸರೋಜಾಗೆ ಫೋನಿನಲ್ಲಿ ಪಿಸುಗುಟ್ಟಿದೆ. ಮೊದಲು ಶಾಂತಕ್ಕನಿಗೆ ಹೇಳು ಎಂದೆ. ಆಮೇಲೆ ಏನೂ ಗೊತ್ತಿಲ್ಲದವನಂತೆ ಬೆಳಗಾವಿ ಬಸ್ಸು ಹತ್ತಿ ಕುಳಿತೆ. ಕಂಡಕ್ಟರ್ ಟಿಕೆಟ್ ಕೊಡುತ್ತ ನಕ್ಕ.

"ಮುನ್ನೂರು ಸೀರಿ ಅಂದ್ರ ಸಣ್ಣ ಮಾತಲ್ರೀ! ಶಾಂತಕ್ಕಗ ನಮ್ಮದೂ ಒಂದು ನಮಸ್ಕಾರ ಹೇಳ್ರಿ."